ಮಲ್ಲಿಗೆ ಮಲಗುವ ಕಾಲದಲ್ಲಿ ಘಮಿಸುವ ಹಿತ್ತಲು

ಛಟ್ಟಿ ಅಮಾವಾಸ್ಯೆ ಕಳೆಯಿತೆಂದರೆ ಅರಕೇರಾ, ದೇವದುರ್ಗ, ಮಾನ್ವಿ ಕಡೆಯ ಹೂವಿನ ಬುಟ್ಟಿಗಳಲ್ಲಿ ಮಲ್ಲಿಗೆ ಅಪರೂಪವಾಗುತ್ತದೆ. ಸಿಕ್ಕರೂ ಮೊಳದ ಬೆಲೆ ಕೇಳಿ ಚಾಚಿದ ಕೈ ಹಿಂದಕ್ಕೆ ಬರುತ್ತದೆ. ಅದರ ಜಾಗಕ್ಕೆ ಬರುವುದು ಕಾಕಡಾ, ಅಬ್ಬಲಿಗೆ, ಶಾವಂತಿಗೆ. ಕಣ್ಣಿಗೆ ಮೂರೂ ಚೆಂದ. ಆದರೆ ಕಾಕಡಾ ಮಲ್ಲಿಗೆಯ ಹೆಸರು ಹೊತ್ತಿದ್ದರೂ ಅದರಲ್ಲಿ ಪರಿಮಳವಿಲ್ಲ, ಅಬ್ಬಲಿಗೆಯಲ್ಲಂತೂ ಇಲ್ಲವೇ ಇಲ್ಲ. ಅದಕ್ಕೇ ನಮ್ಮ ಕಡೆಯ ಹೆಣ್ಣುಮಕ್ಕಳು ಈ ಹೂಗಳ ನಡುನಡುವೆ ಮರುಗದ ಕುಡಿ ಇಟ್ಟು ಮಾಲೆ ಕಟ್ಟುತ್ತಾರೆ. ಬಣ್ಣ ಹೂವಿನದು, ಘಮ ಎಲೆಯದು. ಚಳಿಗಾಲಕ್ಕೆ ಹಿತ್ತಲು ಸಿದ್ಧಮಾಡುವವರು ಈ ಮಾಲೆಯನ್ನೇ ನೋಡಿ ಕಲಿಯಬಹುದು. ಅಕಾಲದಲ್ಲಿ ಮಲ್ಲಿಗೆ ಅರಳಿಸಲು ಒದ್ದಾಡುವ ಬದಲು ಈ ಕಾಲದಲ್ಲಿ ತಾವಾಗಿ ಘಮಿಸುವ ಗಿಡಗಳನ್ನು ಮನೆಯ ಹತ್ತಿರ ತಂದುಕೊಂಡರೆ ಸಾಕು. ಅಂಥವು ನಮ್ಮ ಬಿಸಿಲು ಸೀಮೆಯಲ್ಲಿ ಬೇಕಾದಷ್ಟಿವೆ.

ರಾಯಚೂರು ಜಿಲ್ಲೆಯ ಚಳಿ ಗಿಡ ಕೊಲ್ಲುವ ಚಳಿಯಲ್ಲ. ಡಿಸೆಂಬರ್-ಜನವರಿಯಲ್ಲಿ ಹಗಲು 30 ಡಿಗ್ರಿ ಆಸುಪಾಸು ಇರುತ್ತದೆ, ರಾತ್ರಿ 16-18 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಸ್ವಲ್ಪ ಕೆಳಗೆ. ಮೇ ತಿಂಗಳಲ್ಲಿ 40 ದಾಟುವ ಊರಿಗೆ ಇದೇ ನಿಜವಾದ ತೋಟದ ಕಾಲ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದಾಗ ಬಾಗಿಲು ತೆರೆಯುತ್ತದೆ, ಫೆಬ್ರುವರಿ ಅರ್ಧ ಮುಗಿದ ಮೇಲೆ ಬಿಸಿಲು ಬಂದು ಮುಚ್ಚುತ್ತದೆ. ನಡುವೆ ಇರುವುದು ನಾಲ್ಕು ತಿಂಗಳು. ಹಾಗಾಗಿ ಹೂ ಬೇಕೆಂದು ಡಿಸೆಂಬರಿನಲ್ಲಿ ನೆನಪಾದರೆ ತಡವಾಯಿತು. ಸೀಗಿ ಹುಣ್ಣಿಮೆಯ ಹೊತ್ತಿಗೆ ಕತ್ತರಿ, ಗೊಬ್ಬರ, ಬೀಜ ಮೂರೂ ಕೈಯಲ್ಲಿರಬೇಕು.

ಪರಿಮಳಕ್ಕೂ ಈ ಕಾಲ ಒಳ್ಳೆಯದು. ಎಸಳಿನಲ್ಲಿರುವ ಸುಗಂಧದ ಎಣ್ಣೆ ಆವಿಯಾಗಿ ಗಾಳಿಗೆ ಸೇರಿದಾಗ ನಮ್ಮ ಮೂಗಿಗೆ ಮುಟ್ಟುತ್ತದೆ. ಬೇಸಿಗೆಯಲ್ಲಿ ಬೆಳಗಿನ ಒಂಬತ್ತು ಗಂಟೆಗೇ ಅದು ಹಾರಿ ಮುಗಿದಿರುತ್ತದೆ. ಚಳಿಗಾಲದಲ್ಲಿ ನಿಧಾನವಾಗಿ ಹೊರಡುತ್ತದೆ, ಗಾಳಿಯಿಲ್ಲದ ಸಂಜೆಯಲ್ಲಿ ಗಿಡದ ಸುತ್ತಲೇ ನಿಲ್ಲುತ್ತದೆ. ಇದರಿಂದ ಎರಡು ವಿಷಯ ಹೊರಡುತ್ತವೆ. ಘಮದ ಗಿಡ ದೂರದ ಬೇಲಿಯಲ್ಲಿದ್ದರೆ ಉಪಯೋಗವಿಲ್ಲ, ಕೂರುವ ಕಟ್ಟೆಯ ಪಕ್ಕ, ನೀರು ತರುವ ದಾರಿಯಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ ಇರಬೇಕು. ಇನ್ನೊಂದು, ದಿನವಿಡೀ ಬಿಸಿಲುಂಡ ಗೋಡೆ ರಾತ್ರಿಯ ಮೊದಲ ಜಾವದವರೆಗೂ ಬೆಚ್ಚಗಿರುತ್ತದೆ. ಆ ಗೋಡೆಗೆ ಒರಗಿದ ಗಿಡ ಬಯಲಲ್ಲಿರುವ ಗಿಡಕ್ಕಿಂತ ಚೆನ್ನಾಗಿ ಘಮಿಸುತ್ತದೆ. ಕಲ್ಲಿನ ಗೋಡೆಯ ಹಳೆಯ ಮನೆಗಳಿಗೆ ಈ ಲಾಭ ತಾನಾಗಿ ಸಿಗುತ್ತದೆ.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡದೊರೆ ನಾಡಿಗೆ ಪರಿಮಳ ಹೊಸ ಶೋಕಿಯಲ್ಲ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ' ಅಡುಗೆ, ಔಷಧ, ನೀರಿನ ಸೆಲೆಗಳ ಜೊತೆಗೆ ಗಿಡಮರಗಳ ಆರೈಕೆಗೂ ಸುಗಂಧದ ತಯಾರಿಕೆಗೂ ಜಾಗ ಕೊಟ್ಟ ಗ್ರಂಥ. ಆಮೇಲೆ ರಾಯಚೂರನ್ನು ಆಳಿದ ವಿಜಯಪುರದ ಆದಿಲ್‌ಶಾಹಿಗಳಲ್ಲಿ ಎರಡನೆಯ ಇಬ್ರಾಹಿಂನ ಆಳ್ವಿಕೆಯಲ್ಲಿ, ಅಂದರೆ 1580ರಿಂದ 1627ರ ನಡುವೆ, ಅತ್ತರು ಮತ್ತು ಸುಗಂಧಗಳ ಬಗ್ಗೆಯೇ 'ಇತ್ರ್-ಎ-ನೌರಸ್ ಶಾಹಿ' ಎಂಬ ಪುಸ್ತಕ ಹುಟ್ಟಿತು. ಹೂವನ್ನು ಮೂಗಿನಿಂದ ಆರಿಸುವ ರೂಢಿ ಈ ನೆಲದ್ದೇ. ಈಗ ನರ್ಸರಿಗೆ ಹೋಗಿ ಮೊಬೈಲಿನ ಚಿತ್ರ ತೋರಿಸಿ ಗಿಡ ಕೇಳುವವರು ಅದನ್ನು ಬಿಟ್ಟುಕೊಟ್ಟಿದ್ದಾರೆ. ಚಿತ್ರಕ್ಕೆ ವಾಸನೆ ಇರುವುದಿಲ್ಲ. ಅರಳಿದ ಹೂವಿರುವ ಗಿಡವನ್ನೇ ಹುಡುಕಿ, ಮೂಸಿ, ಆಮೇಲೆ ದುಡ್ಡು ಕೊಡಿ.

ಮೊದಲು ಮಣ್ಣು

ನಮ್ಮ ಕಡೆ ಹೂಗಿಡ ಬದುಕುವುದಿಲ್ಲ ಎನ್ನುವವರ ಹಿತ್ತಲಲ್ಲಿ ತಪ್ಪು ಸಾಮಾನ್ಯವಾಗಿ ಗಿಡದ್ದಲ್ಲ, ಎರಿ ಮಣ್ಣಿನದು. ಎರಿ ಜೋಳಕ್ಕೆ, ಕಡಲೆಗೆ, ಹತ್ತಿಗೆ ಬಂಗಾರ. ಹಿಂಗಾರಿಯಲ್ಲಿ ಮಳೆಯಿಲ್ಲದೆಯೂ ಒಳಗಿನ ತೇವದಲ್ಲೇ ಜೋಳ ತೆನೆ ಹಿಡಿಯುತ್ತದೆ. ಹೂಗಿಡಕ್ಕೆ ಅದೇ ಗುಣ ಕಷ್ಟ ತರುತ್ತದೆ. ನೀರು ಹಾಕಿದರೆ ಅಂಟಾಗಿ ಬೇರಿಗೆ ಉಸಿರು ಸಿಗದು, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಸುಣ್ಣದ ಅಂಶ ಹೆಚ್ಚಿರುವುದರಿಂದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಗುಲಾಬಿ, ಮಲ್ಲಿಗೆಯ ಎಳೆಯ ಎಲೆಗಳು ನರ ಮಾತ್ರ ಹಸಿರುಳಿದು ಉಳಿದದ್ದು ಹಳದಿಯಾದರೆ ಕಾರಣ ಇದೇ.

ಪರಿಹಾರ ಸುಲಭ. ಎರಿ ನೆಲದಲ್ಲಿ ಗುಣಿ ತೋಡಿ ನೆಡಬೇಡಿ, ಒಂದು ಅಡಿ ಎತ್ತರದ ಮಡಿ ಮಾಡಿ. ಮಸಾರಿ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಹಳ್ಳದ ಮರಳು ಒಂದು ಪಾಲು ಸೇರಿಸಿದರೆ ಈ ಲೇಖನದಲ್ಲಿ ಬರುವ ಎಲ್ಲ ಗಿಡಗಳಿಗೂ ಒಗ್ಗುತ್ತದೆ. ದೇವದುರ್ಗ ಸೀಮೆಯಲ್ಲಿ ಎರಿಯಂತೆ ಮಸಾರಿಯೂ ಸಿಗುವುದರಿಂದ ಒಂದು ಟ್ರ್ಯಾಕ್ಟರ್ ಮಸಾರಿ ತರಿಸುವುದು ಕಷ್ಟವಾಗದು. ಕುಂಡವಾದರೆ 12 ಇಂಚಿಗೆ ಕಡಿಮೆ ಬೇಡ, ತಳದ ತೂತಿನ ಮೇಲೆ ಹೆಂಚಿನ ಚೂರು ಇಡಿ. ಎಲೆ ಹಳದಿಯಾದ ಗಿಡಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಜೊತೆಗೆ ಕಿರಾಣಿ ಅಂಗಡಿಯ ನಿಂಬೆಉಪ್ಪು 1 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ಹದಿನೈದು ದಿನದ ಅಂತರದಲ್ಲಿ ಎರಡು ಮೂರು ಸಲ ಕೊಟ್ಟರೆ ಹೊಸ ಎಲೆ ಹಸಿರಾಗಿ ಬರುತ್ತದೆ.

ನೀರಿನ ಬಗ್ಗೆ ಒಂದು ಮಾತು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಸಿಗುವ ಕಡೆ ಚಿಂತೆಯಿಲ್ಲ, ಕೃಷ್ಣೆಯ ನೀರು ಸಪ್ಪೆ ನೀರು. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯದೂ ಹಾಗೆಯೇ. ಆದರೆ ಎಷ್ಟೋ ಬೋರುಗಳ ನೀರು ಸವಳು. ಸವಳು ನೀರುಂಡ ಗಿಡದ ಎಲೆಯಂಚು ಸುಟ್ಟು ಕಂದಾಗುತ್ತದೆ, ಮಣ್ಣಿನ ಮೇಲೆ ಬಿಳಿಯ ಪುಡಿ ಕೂರುತ್ತದೆ. ಅಂಥ ಕಡೆ ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದಕ್ಕಿಂತ ವಾರಕ್ಕೆರಡು ಸಲ ತಳದಿಂದ ಹರಿಯುವಷ್ಟು ಕೊಟ್ಟು ಉಪ್ಪನ್ನು ತೊಳೆಯಬೇಕು. ಮಣ್ಣು ನೀರು ಪರೀಕ್ಷಿಸಿಕೊಳ್ಳಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. ಹೊಲದ ಮಣ್ಣು ಒಯ್ಯುವಾಗ ಹಿತ್ತಲಿನದೂ ಒಂದು ಪೊಟ್ಟಣ ಒಯ್ಯಿರಿ.

ಮರುಗ, ದವನ

ಚಳಿಗಾಲಕ್ಕೆಂದು ಒಂದೇ ಗಿಡ ಹಾಕುವೆನೆಂದರೆ ಮರುಗ ಹಾಕಿ ಎನ್ನುತ್ತೇನೆ. ಹೂಗಳ ಲೇಖನದಲ್ಲಿ ಎಲೆಗೆ ಮೊದಲ ಸ್ಥಾನವೇ ಎಂದು ಕೇಳುವವರು ಡಿಸೆಂಬರಿನಲ್ಲಿ ಒಂದು ಕುಡಿ ಕಿತ್ತು ಬೆರಳಲ್ಲಿ ಉಜ್ಜಿ ನೋಡಬೇಕು. ಹೂವಿನ ಘಮ ಹೂವಿರುವಷ್ಟು ದಿನ, ಮರುಗದ್ದು ಎಲೆಯಿರುವಷ್ಟು ದಿನ. ಅಕ್ಟೋಬರ್ ಕೊನೆಗೆ ಅಥವಾ ನವೆಂಬರಿನಲ್ಲಿ ನಾಲ್ಕು ಬೆರಳುದ್ದದ ಗಟ್ಟಿ ಕುಡಿಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಲ್ಲಿ ನೆಟ್ಟರೆ ಮೂರು ವಾರದಲ್ಲಿ ಬೇರು ಬಿಡುತ್ತದೆ. ಆಮೇಲೆ ಬಿಸಿಲಿಗೆ ತನ್ನಿ. ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ, ಮೇಲ್ಮಣ್ಣು ಒಣಗಿದ್ದು ಕಂಡ ಮೇಲೆಯೇ ನೀರು. ಹೂ ಬಿಡಲು ಹೊರಟ ತುದಿಗಳನ್ನು ಕಿತ್ತು ಮಾಲೆಗೆ ಸೇರಿಸುತ್ತಿದ್ದರೆ ಗಿಡ ಪೊದೆಯಾಗುತ್ತದೆ. ಬಳಸಿದಷ್ಟೂ ಬೆಳೆಯುವ ಗಿಡ ಇದು.

ದವನದ್ದು ಬೇರೆ ಬಗೆ. ಅದು ವರ್ಷಕ್ಕೊಮ್ಮೆ ಬಂದು ಹೋಗುವ ಗಿಡ, ಚಳಿಯಲ್ಲಿ ಬೆಳೆದು ಬಿಸಿಲು ಏರುವಾಗ ಹೂ ಬಿಡುವಂಥದ್ದು. ಚೈತ್ರದ ಹುಣ್ಣಿಮೆಯನ್ನು ದವನದ ಹುಣ್ಣಿಮೆ ಎನ್ನುತ್ತೇವೆ, ಅಂದು ದೇವರಿಗೆ ದವನ ಏರುತ್ತದೆ. ಆ ಲೆಕ್ಕ ಹಿಡಿದು ಹಿಂದಕ್ಕೆ ಎಣಿಸಿದರೆ ಬೀಜ ಬೀಳಬೇಕಾದ್ದು ನವೆಂಬರಿನಲ್ಲಿ. ದವನದ ಎಣ್ಣೆಗೆ ಹೊರದೇಶದ ಅತ್ತರು ತಯಾರಕರಲ್ಲಿ ಬೇಡಿಕೆ ಇದೆ. ಅದಕ್ಕಾಗಿ ಹೊಲದಲ್ಲಿ ಬೆಳೆಯುವವರು ದಕ್ಷಿಣ ಭಾರತದವರು, ಅದರಲ್ಲಿ ಕರ್ನಾಟಕ ಮುಂದು. ಇಷ್ಟು ಬೆಲೆಯುಳ್ಳ ಗಿಡವನ್ನು ಹಳೆಯ ಎಣ್ಣೆ ಡಬ್ಬಿಯಲ್ಲೂ ಬೆಳೆಯಬಹುದು ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಬೀಜ ಪುಡಿಯಷ್ಟು ಸಣ್ಣದು. ಹೊಸದೇ ಬೇಕು, ವರ್ಷ ಕಳೆದ ಬೀಜ ಹುಟ್ಟುವುದಿಲ್ಲ. ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ದಿನ ನೀರಲ್ಲಿ ನೆನೆಸಿ, ನುಣ್ಣನೆ ಮರಳಿನ ಜೊತೆ ಬೆರೆಸಿ, ಸಮಮಾಡಿದ ಮಡಿಯ ಮೇಲೆ ಉದುರಿಸಿ. ಮೇಲೆ ಜರಡಿ ಹಿಡಿದ ಗೊಬ್ಬರದ ತೆಳು ಹೊದಿಕೆ ಸಾಕು, ಮಣ್ಣು ಮುಚ್ಚಬಾರದು. ಕೊಡದಿಂದ ಸುರಿದರೆ ಬೀಜ ಕೊಚ್ಚಿಹೋಗುತ್ತದೆ, ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಬೆಳಿಗ್ಗೆ ಸಂಜೆ ಚಿಮುಕಿಸಿ. ಸಸಿಗಳು ನಾಲ್ಕೈದು ಇಂಚು ಬಂದಾಗ, ಸುಮಾರು ಆರರಿಂದ ಎಂಟು ವಾರಕ್ಕೆ, ಆರು ಇಂಚಿನ ಅಂತರದಲ್ಲಿ ನಾಟಿ ಮಾಡಿ. ಬೀಜ ಬಿದ್ದು ಹೆಚ್ಚುಕಡಿಮೆ ನಾಲ್ಕು ತಿಂಗಳಿಗೆ ಹಳದಿಯ ಸಣ್ಣ ಮೊಗ್ಗು ಮೂಡಿ ಅರಳಲು ತೊಡಗುತ್ತವೆ, ಪರಿಮಳ ತುಂಬಿರುವುದು ಆಗಲೇ. ನೆರಳಲ್ಲಿ ಒಣಗಿಸಿದ ದವನ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಹುಕಾಲ ಘಮಿಸುತ್ತದೆ. ಎರಿ ಮಣ್ಣು ಇದಕ್ಕೆ ಆಗದು, ನೀರು ನಿಲ್ಲಲೂಬಾರದು.

ಇವೆರಡರ ಜೊತೆಗೆ ತುಳಸಿಕಟ್ಟೆಯ ಪಕ್ಕದಲ್ಲಿ ಕಾಮಕಸ್ತೂರಿಗೂ ಜಾಗ ಕೊಡಿ. ಆರೈಕೆ ಕೇಳದೆ ಬೆಳೆಯುತ್ತದೆ.

ಗುಲಾಬಿ ಬೇಕೆಂದರೆ ಪನ್ನೀರು ಗುಲಾಬಿ

ಅಂಗಡಿಯ ಉದ್ದ ದಂಟಿನ ಕೆಂಪು ಗುಲಾಬಿಗೆ ಪರಿಮಳ ಇರುವುದಿಲ್ಲ ಎಂದು ಗೊಣಗುವುದು ನ್ಯಾಯವೇ. ಅವು ದೂರದ ಪ್ರಯಾಣ ತಾಳಲೆಂದು, ಹೂದಾನಿಯಲ್ಲಿ ವಾರ ನಿಲ್ಲಲೆಂದು ಆರಿಸಿ ಬೆಳೆಸಿದ ತಳಿಗಳು. ಘಮ ಬೇಕೆಂದರೆ ಎಸಳು ಸಡಿಲವಾದ, ಮರುದಿನಕ್ಕೇ ಉದುರುವ ತಿಳಿಗುಲಾಬಿ ಬಣ್ಣದ ಹಳೆಯ ಪನ್ನೀರು ಗುಲಾಬಿಯನ್ನೇ ಹಿಡಿಯಬೇಕು. ನರ್ಸರಿಗಳಲ್ಲಿ 'ಎಡ್ವರ್ಡ್' ಎಂಬ ಹೆಸರಿನಲ್ಲಿ ಸಿಗುವುದೂ ಇದೇ ಬಗೆಯದು, ನಮ್ಮ ಬಿಸಿಲನ್ನು ತಾಳುತ್ತದೆ, ಗಟ್ಟಿ ಕಡ್ಡಿ ನೆಟ್ಟರೆ ಬೇರೂರುತ್ತದೆ.

ಸೀಗಿ ಹುಣ್ಣಿಮೆಯ ಆಚೀಚೆ, ಮಳೆ ನಿಂತದ್ದು ಖಾತ್ರಿಯಾದ ಮೇಲೆ, ಗಿಡ ಸವರಿ. ಒಣಗಿದ್ದು, ಒಂದಕ್ಕೊಂದು ತಿಕ್ಕುವ ರೆಂಬೆ, ಪೆನ್ಸಿಲಿಗಿಂತ ತೆಳುವಾದ ಕಡ್ಡಿ ಎಲ್ಲ ತೆಗೆದು, ಉಳಿದವನ್ನು ಅರ್ಧಕ್ಕೆ ಇಳಿಸಿ. ಕತ್ತರಿ ಬೀಳುವುದು ಹೊರಮುಖವಾದ ಕಣ್ಣಿನ ಕಾಲಿಂಚು ಮೇಲೆ, ಓರೆಯಾಗಿ. ಬುಡದ ಮಣ್ಣು ಕೆದಕಿ ಎರಡು ಮೂರು ದಿನ ಬಿಸಿಲು ತಾಗಿಸಿ, ಬುಟ್ಟಿ ಗೊಬ್ಬರ ಕೊಟ್ಟು, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ನೀರು ಬಿಡಿ. ಸವರಿದ 45-50 ದಿನಕ್ಕೆ ಹೂ. ಅಂದರೆ ಗೌರಿ ಹುಣ್ಣಿಮೆ ದಾಟುತ್ತಿದ್ದಂತೆ ಆರಂಭ, ಎಳ್ಳಮಾವಾಸ್ಯೆಗೆ, ಸಂಕ್ರಾಂತಿಗೆ ಕೈತುಂಬ. ಬಾಡಿದ ಹೂಗಳನ್ನು ಎರಡು ಎಲೆಯ ಸಮೇತ ಕತ್ತರಿಸುತ್ತಿದ್ದರೆ ಫೆಬ್ರುವರಿಯವರೆಗೆ ಹೂ ನಿಲ್ಲುವುದಿಲ್ಲ. ಗುಲ್ಕನ್ ಮಾಡುವವರು ಇಬ್ಬನಿ ಆರಿದ ಕೂಡಲೇ, ಬಿಸಿಲು ಚುರುಕಾಗುವ ಮುಂಚೆ ಕೀಳಬೇಕು. ಹತ್ತು ಗಂಟೆ ದಾಟಿದರೆ ಅರ್ಧ ಪರಿಮಳ ಗಾಳಿಪಾಲು.

ಮೂಗಿಗೆ ಮೆತ್ತನೆಯ ಶಾವಂತಿಗೆ

ಶಾವಂತಿಗೆಯ ವಾಸನೆ ಸಿಹಿಯಲ್ಲ, ಸ್ವಲ್ಪ ಔಷಧಿಯಂಥದ್ದು, ದವನದ ದಾಯಾದಿ ಎನಿಸುವಂಥದ್ದು. ಎರಡೂ ಒಂದೇ ಸಸ್ಯಕುಲದವು. ನನಗೆ ಅದು ಚಳಿಗಾಲದ ಬೆಳಗಿಗೆ ತಕ್ಕ ವಾಸನೆ. ಕುಂಡದಲ್ಲಿ ಮೊಗ್ಗಿನ ಸಮೇತ ಮಾರುವ ಬಣ್ಣಬಣ್ಣದ ತಳಿಗಳಲ್ಲಿ ಅದು ಕಡಿಮೆ, ಮಾಲೆಗೆಂದು ಬೆಳೆಯುವ ಊರ ಹಳದಿ ತಳಿಯಲ್ಲಿ ಹೆಚ್ಚು.

ಇದು ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಗಿಡ. ನಮ್ಮಲ್ಲಿ ಡಿಸೆಂಬರಿನ ಹಗಲು 11 ಗಂಟೆಯ ಹತ್ತಿರಕ್ಕೆ ಇಳಿಯುತ್ತದೆ. ಗಿಡ ಲೆಕ್ಕ ಹಾಕುವುದು ನಿಜವಾಗಿ ಕತ್ತಲೆಯನ್ನು. ಬೀದಿದೀಪವೋ ಅಂಗಳದ ಎಲ್‌ಇಡಿ ಬಲ್ಬೋ ರಾತ್ರಿಯಿಡೀ ಮೇಲೆ ಬೀಳುತ್ತಿದ್ದರೆ ಗಿಡಕ್ಕೆ ಇನ್ನೂ ಹಗಲು ಉದ್ದವಿದೆ ಎಂಬ ಭ್ರಮೆ. ಎಲೆ ಸೊಂಪಾಗಿ ಬೆಳೆದು ಹೂ ಬಿಡದ ಶಾವಂತಿಗೆಗಳಿಗೆ ಗೊಬ್ಬರ ಸುರಿಯುವ ಮುಂಚೆ ರಾತ್ರಿ ಎದ್ದು ಅದರ ಮೇಲೆ ಬೆಳಕು ಬೀಳುತ್ತಿದೆಯೇ ನೋಡಿ. ಕುಂಡವನ್ನು ಕತ್ತಲೆಯ ಮೂಲೆಗೆ ಸರಿಸಿದರೆ ಎಷ್ಟೋ ಸಲ ಸಮಸ್ಯೆ ಮುಗಿಯುತ್ತದೆ.

ನೆಡುವ ಕಾಲ ಜೂನ್-ಜುಲೈ. ಹಳೆಯ ಗಿಡದ ಬುಡದಲ್ಲಿ ಹೊರಡುವ ಮರಿಗಳನ್ನು ಬಿಡಿಸಿ ನೆಟ್ಟು, ತಿಂಗಳಿಗೆ ತುದಿ ಚಿವುಟಿ, ಮತ್ತೊಂದು ತಿಂಗಳಿಗೆ ಇನ್ನೊಮ್ಮೆ ಚಿವುಟಿದರೆ ಕವಲೊಡೆದು ಹೂ ತುಂಬುತ್ತದೆ. ಸೆಪ್ಟೆಂಬರ್ ಆದಮೇಲೆ ಚಿವುಟಬಾರದು. ಈ ವರ್ಷ ತಪ್ಪಿಸಿಕೊಂಡವರು ನವೆಂಬರಿನಲ್ಲಿ ಮೊಗ್ಗಿನ ಗಿಡ ತಂದು, ಹೂ ಮುಗಿದ ಮೇಲೆ ಎಸೆಯದೆ ಗೇಣುದ್ದಕ್ಕೆ ಕತ್ತರಿಸಿ ಇಟ್ಟುಕೊಳ್ಳಿ. ಮರಿಗಳು ಅಲ್ಲಿಂದಲೇ ಬರುತ್ತವೆ.

ಕತ್ತಲಾದ ಮೇಲೆ

ರಾತ್ರಿ ಅರಳುವ ಹೂಗಳಲ್ಲಿ ಬಹುಪಾಲು ಬಿಳಿಯವು, ಪರಿಮಳ ಗಾಢ. ಬಣ್ಣ ಕಾಣದ ಹೊತ್ತಿನಲ್ಲಿ ಪತಂಗಗಳನ್ನು ಕರೆಯಬೇಕಲ್ಲ. ಇವುಗಳಲ್ಲಿ ಚಳಿಗಾಲದ ರಾಜ ಆಕಾಶಮಲ್ಲಿಗೆ. ಮಳೆ ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಉದ್ದ ನಳಿಕೆಯ ಬಿಳಿ ಹೂಗಳ ಗೊಂಚಲು ತುದಿಯಲ್ಲಿ ತೂಗುತ್ತವೆ, ಬೆಳಗಾಗುವಾಗ ನೆಲದ ಮೇಲೆ ಹಾಸಿರುತ್ತವೆ. ಹಳೆಯ ಕಚೇರಿಗಳ, ಶಾಲೆಗಳ ಆವರಣದಲ್ಲಿ ನೇರವಾಗಿ ಎತ್ತರಕ್ಕೆ ಬೆಳೆದು ನಿಂತಿರುವ, ಬಿರುಕು ಬಿರುಕಾದ ಬೆಂಡಿನ ತೊಗಟೆಯ ಮರ ಅದು. ಮನೆಗೆ ಆತು ಮಾತ್ರ ನೆಡಬೇಡಿ. ಕಟ್ಟಿಗೆ ಪೆಡಸು, ಮುಂಗಾರಿನ ಬಿರುಗಾಳಿಗೆ ರೆಂಬೆ ಮುರಿದು ಬೀಳುತ್ತದೆ, ಬೇರಿನಿಂದ ಅಲ್ಲಲ್ಲಿ ಸಸಿಗಳು ಎದ್ದು ಬರುತ್ತವೆ. ಕಾಂಪೌಂಡಿನ ಮೂಲೆ, ಊರ ಗುಡಿಯ ಬಯಲು, ಶಾಲೆಯ ಅಂಗಳ ಇದಕ್ಕೆ ಸರಿಯಾದ ಜಾಗ. ನಮ್ಮಲ್ಲಿ ಬೀಜ ಕಟ್ಟುವುದು ಅಪರೂಪ, ಆ ಬೇರುಸಸಿಗಳನ್ನೇ ಮಳೆಗಾಲದಲ್ಲಿ ಕಿತ್ತು ನೆಡಬೇಕು.

ಪಾರಿಜಾತ ಮಳೆಗಾಲದ ಕೊನೆಯಲ್ಲಿ ಆರಂಭಿಸಿ ಕಾರ್ತಿಕ ಪೂರ್ತಿ ಸುರಿಯುತ್ತದೆ, ಚಳಿ ಬಲಿತಾಗ ನಿಲ್ಲುತ್ತದೆ. ಬುಡದಲ್ಲಿ ಸಗಣಿ ಸಾರಿಸಿದರೆ ಅಥವಾ ಹಳೆಯ ಸೀರೆ ಹಾಸಿದರೆ ಹೂ ಮಣ್ಣಾಗದೆ ಪೂಜೆಗೆ ಬರುತ್ತದೆ. ಗಿಡ ಸವರುವುದು ಜನವರಿ ಕೊನೆಗೆ, ಮುಂಚೆ ಬೇಡ.

ರಾತ್ರಿರಾಣಿಯನ್ನು ಎಚ್ಚರದಿಂದ ಆರಿಸಿ. ಸೆಪ್ಟೆಂಬರಿನಲ್ಲಿ ಸವರಿ ಗೊಬ್ಬರ ಕೊಟ್ಟರೆ ಚಳಿ ಜೋರಾಗುವ ಮೊದಲು ಒಂದು ಸರದಿ ಹೂ ಖಂಡಿತ. ಅದರ ಘಮ ಅಂಗಳದಾಚೆಗೂ ಹಬ್ಬುತ್ತದೆ. ಆದರೆ ಮಲಗುವ ಕೋಣೆಯ ಕಿಟಕಿಗೆ ಹತ್ತಿರವಾದರೆ ತಲೆನೋವು ಬರುವವರಿದ್ದಾರೆ, ಉಬ್ಬಸದವರಿಗೆ ತೊಂದರೆ. ಅದರ ಬಿಳಿಯ ಸಣ್ಣ ಕಾಯಿಗಳು ವಿಷ, ಚಿಕ್ಕಮಕ್ಕಳಿರುವ ಮನೆಯಲ್ಲಿ ಹೂ ಉದುರಿದ ಗೊಂಚಲುಗಳನ್ನು ಕತ್ತರಿಸಿ ಹಾಕಬೇಕು.

ಸುಗಂಧರಾಜ ಮಳೆಗಾಲದ ಹೂ ಎಂದು ಲೆಕ್ಕ. ನಮ್ಮ ಮೆತ್ತನೆಯ ಚಳಿಯಲ್ಲಿ ಅದು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಗಡ್ಡೆ ನೆಡುವುದು ಬೇಸಿಗೆಯ ಆರಂಭದಲ್ಲಿ. ಸುತ್ತಿನ ಹೂವಿಗಿಂತ ಒಂಟಿ ಎಸಳಿನದಕ್ಕೆ ಪರಿಮಳ ಹೆಚ್ಚು. ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ 'ಅರ್ಕಾ ಪ್ರಜ್ವಲ್' ಒಂಟಿ ಎಸಳಿನ ತಳಿ, ಬಿಡಿ ಹೂವಿಗೂ ಕಡ್ಡಿಗೂ ಒದಗುತ್ತದೆ.

ನಿಂಬೆಯ ಮರ, ಬೇಲಿಯ ಜಾಲಿ

ಹೂಗಿಡವೆಂದು ಯಾರೂ ಎಣಿಸದ ಎರಡು ಗಿಡಗಳು ಜನವರಿಯಲ್ಲಿ ಇಡೀ ಹಿತ್ತಲನ್ನು ತುಂಬುತ್ತವೆ. ಒಂದು ನಿಂಬೆ. ವರ್ಷದಲ್ಲಿ ಹಲವು ಸಲ ಹೂ ಬಿಡುವ ಮರವನ್ನು ಚಳಿಗಾಲದ ಕೊನೆಯ ಸರದಿಗೆ ಒಗ್ಗಿಸಬಹುದು, ತೋಟದವರು ಅದನ್ನು ಅಂಬೆ ಬಹಾರ್ ಎನ್ನುತ್ತಾರೆ. ಡಿಸೆಂಬರಿನಲ್ಲಿ ಕೆಲವು ವಾರ ನೀರು ತಡೆದು, ಎಲೆ ಸ್ವಲ್ಪ ಮುದುಡಿದಾಗ ಬುಡ ಬಿಡಿಸಿ ಗೊಬ್ಬರ ಹಾಕಿ ಮೊದಲು ಸ್ವಲ್ಪ, ಆಮೇಲೆ ಪೂರ್ತಿ ನೀರು ಕೊಟ್ಟರೆ ಜನವರಿ-ಫೆಬ್ರುವರಿಯಲ್ಲಿ ಮರದ ತುಂಬ ಹೂ. ಮಳೆಗಾಲ ಹಿಡಿಯುವ ಹೊತ್ತಿಗೆ ಕಾಯಿಯೂ ಆಯಿತು. ಎರಿ ನೆಲದಲ್ಲಿ ತೇವ ಬೇಗ ಆರುವುದಿಲ್ಲ, ನೀರು ನಿಲ್ಲಿಸುವ ಅವಧಿ ಅಲ್ಲಿ ಹೆಚ್ಚು ಬೇಕು. ಬಚ್ಚಲ ನೀರು ನಿಂಬೆಯ ಬುಡಕ್ಕೆ ಬಿಟ್ಟಿದ್ದರೆ ಆ ಕಾಲುವೆಯನ್ನು ಈ ಅವಧಿಗೆ ಬೇರೆಡೆಗೆ ತಿರುಗಿಸಿ.

ಇನ್ನೊಂದು ಕಸ್ತೂರಿ ಜಾಲಿ. ಚಳಿಗಾಲದಲ್ಲಿ ಹಳದಿಯ ಪುಟ್ಟ ಉಂಡೆಗಳಂಥ ಹೂ ಮೈತುಂಬ ಬಿಡುವ ಮುಳ್ಳುಪೊದೆ. ಫ್ರಾನ್ಸಿನ ದಕ್ಷಿಣದಲ್ಲಿ ಇದನ್ನೇ ಸುಗಂಧ ದ್ರವ್ಯಕ್ಕಾಗಿ ತೋಟ ಮಾಡಿ ಬೆಳೆದವರಿದ್ದಾರೆ, ನಮ್ಮಲ್ಲಿ ಬದುವಿನಲ್ಲಿ ಕಡಿದು ಉರಿಸುತ್ತೇವೆ. ರಾಯಚೂರು ಜಿಲ್ಲೆಯನ್ನೆಲ್ಲ ಆವರಿಸಿರುವ ಬಳ್ಳಾರಿ ಜಾಲಿ ಎಂದು ತಪ್ಪು ತಿಳಿಯಬಾರದು, ಅದರ ಹೂ ಉದ್ದ ತೆನೆಯಂತೆ, ಇದರದು ಉಂಡೆ. ಕರಿಜಾಲಿಗೂ ಉಂಡೆ ಹೂವೇ, ಆದರೆ ಅದರ ಕಾಯಿ ಮಣಿಮಣಿಯಾಗಿ ಸರದಂತಿದ್ದರೆ ಕಸ್ತೂರಿ ಜಾಲಿಯದು ದಪ್ಪಗೆ ಉರುಟಾಗಿರುತ್ತದೆ. ದನಕರು ನುಗ್ಗುವ ಕಡೆ ಬೇಲಿಯಾಗಿ ಬೆಳೆಸಿ, ವರ್ಷಕ್ಕೊಮ್ಮೆ ಹೂ ಮುಗಿದ ಮೇಲೆ ಸವರಿ. ಎರಿಯಲ್ಲೂ ಬದುಕುತ್ತದೆ, ನೀರು ಕೇಳುವುದಿಲ್ಲ. ಒಂದು ನಿರ್ಲಕ್ಷಿತ ಗಿಡದ ಪರ ಮಾತಾಡುವ ಅವಕಾಶ ಸಿಕ್ಕರೆ ನಾನು ಇದರ ಪರ ನಿಲ್ಲುತ್ತೇನೆ.

ಬೀಜದ ಪೊಟ್ಟಣದ ಹೂಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಮಾಳಿಗೆಯ ಮೇಲೆ ಕುಂಡ ಇಡುವ ರಾಯಚೂರು ಪಟ್ಟಣದವರಿಗೆ ಅಲಿಸಮ್ ಒಳ್ಳೆಯದು. ಜೇನಿನ ವಾಸನೆಯ ಸಣ್ಣ ಬಿಳಿ ಹೂ, ಅಕ್ಟೋಬರಿನಲ್ಲಿ ಬಿತ್ತಿದರೆ ಡಿಸೆಂಬರಿಗೆ ಕುಂಡದ ಅಂಚಿನಿಂದ ಕೆಳಗೆ ಹರಡುತ್ತದೆ. ಪೆಟೂನಿಯಾದಲ್ಲಿ ಬಿಳಿ ಮತ್ತು ನೇರಳೆಯವು ಸಂಜೆ ಘಮಿಸುತ್ತವೆ, ಪಟ್ಟೆಯ ತಳಿಗಳಲ್ಲಿ ಅದು ಸಿಗುವುದು ಕಷ್ಟ. ಸ್ವೀಟ್ ಪೀ, ಸ್ಟಾಕ್ ಹೂಗಳಿಗೆ ಇಲ್ಲಿ ದುಡ್ಡು ಹಾಕಬೇಡಿ. ಅವಕ್ಕೆ ಬೇಕಾದ ಚಳಿ ನಮ್ಮಲ್ಲಿಲ್ಲ, ಹೂ ಬಿಡುವ ಹೊತ್ತಿಗೆ ಬಿಸಿಲು ಬಂದಿರುತ್ತದೆ.

ಹೊಲದ ಔಷಧ ಹಿತ್ತಲಿಗೆ ಬೇಡ

ಇದನ್ನು ಬಲವಾಗಿ ಹೇಳಬೇಕಾಗಿದೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಲ್ಲಿ ಚಳಿಗಾಲಕ್ಕೆ ನುಸಿ, ಹೇನು, ಬಿಳಿನೊಣ ಹೊಲದಿಂದ ಹಿತ್ತಲಿಗೆ ದಾಟುತ್ತವೆ. ಶಾವಂತಿಗೆಯ ಕುಡಿಗೆ ಕರಿಹೇನು ಮೆತ್ತುತ್ತದೆ, ಗುಲಾಬಿಯ ಮೊಗ್ಗು ಅರಳದೆ ಕಂದಾಗುತ್ತದೆ. ಮನೆಯ ಮೂಲೆಯಲ್ಲಿ ಹತ್ತಿಗೆ ತಂದು ಉಳಿದ ಔಷಧದ ಡಬ್ಬಿ ಇರುತ್ತದೆ, ಒಂದು ಮುಚ್ಚಳ ಬೆರೆಸಿ ಹೊಡೆದುಬಿಡುತ್ತಾರೆ. ಆ ಹೂವನ್ನು ಮರುದಿನ ಹೆಣ್ಣುಮಗು ಮುಡಿಯುತ್ತದೆ, ದೇವರಿಗೆ ಏರಿಸಿ ಪ್ರಸಾದವೆಂದು ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಗುಲಾಬಿಯ ಎಸಳನ್ನು ಸಕ್ಕರೆ ಹಾಕಿ ತಿನ್ನುತ್ತೇವೆ. ಮೂಗಿನ ಹತ್ತಿರ ಹಿಡಿಯುವುದಕ್ಕೆಂದೇ ಬೆಳೆದ ಹೂವಿಗೆ ಹೊಲದ ವಿಷ ಯಾವ ಕಾರಣಕ್ಕೂ ತಾಗಬಾರದು.

ಬೇವಿನ ಬೀಜದ ಕಷಾಯ ಸಾಕು. ಕುಟ್ಟಿದ ಬೀಜದ ತಿರುಳು 50 ಗ್ರಾಂ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿ ಸೋಸಿ, ಚೂರು ಸಾಬೂನು ಕರಗಿಸಿ, ಅಂದೇ ಸಂಜೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಿ. ವಾರಕ್ಕೊಮ್ಮೆ ಮೂರು ವಾರ. ಹೇನು ಕಡಿಮೆ ಇದ್ದರೆ ಜೋರಾಗಿ ನೀರು ಹೊಡೆದು ತೊಳೆದರೂ ನಡೆಯುತ್ತದೆ. ಗುಲಾಬಿಯ ಎಲೆಗೆ ಬಿಳಿಯ ಬೂದಿ ಕಂಡರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಬಿಸಿಲು ಚುರುಕಿರುವಾಗ ಗಂಧಕ ಹೊಡೆದರೆ ಎಲೆ ಸುಡುತ್ತದೆ.

ಮಲಗಿರುವ ಮಲ್ಲಿಗೆಗೂ ಈ ಕಾಲದಲ್ಲೇ ಕೆಲಸವಿದೆ. ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ದುಂಡುಮಲ್ಲಿಗೆಯ ಪೊದೆಯನ್ನು ಮೊಳಕಾಲೆತ್ತರಕ್ಕೆ ಸವರಿ, ಉಳಿದ ಎಲೆ ಉದುರಿಸಿ, ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಕೊಡಿ. ಜನವರಿಯಲ್ಲಿ ನೀರು ಆರಂಭಿಸಿದರೆ ಯುಗಾದಿಯ ಹೊತ್ತಿಗೆ ಹೂ ಬರುತ್ತದೆ. ಹೊಸದಾಗಿ ಹಾಕುವವರು ಹೂವಿನಹಡಗಲಿಯ ಮಲ್ಲಿಗೆಯನ್ನು ಯೋಚಿಸಿ. ಭೌಗೋಳಿಕ ಗುರುತು ಪಡೆದಿರುವ ಆ ತಳಿ ತುಂಗಭದ್ರೆಯ ದಂಡೆಯದು, ನಮ್ಮ ಬಿಸಿಲು ಅದಕ್ಕೆ ಹೊಸದಲ್ಲ.

ಫೆಬ್ರುವರಿಯಲ್ಲಿ ಭಾರತ ಹುಣ್ಣಿಮೆಯ ಆಸುಪಾಸು ಬಿಸಿಲು ಬಲಿಯುತ್ತದೆ. ಮರುಗದ ಕುಂಡಗಳನ್ನು ಮಧ್ಯಾಹ್ನದ ನೆರಳಿಗೆ ಸರಿಸಿ, ನಾಲ್ಕು ಕಡ್ಡಿ ಬೇರೆ ಕುಂಡದಲ್ಲಿ ನೆಟ್ಟು ತಾಯಿಗಿಡ ಉಳಿಸಿಕೊಳ್ಳಿ. ಗುಲಾಬಿಯ ಬುಡಕ್ಕೆ ತೊಗರಿ ಹೊಟ್ಟು ಅಥವಾ ಜೋಳದ ರವದಿ ನಾಲ್ಕು ಬೆರಳು ದಪ್ಪ ಹಾಸಿದರೆ ತೇವ ನಿಲ್ಲುತ್ತದೆ, ಗೆದ್ದಲು ಕಂಡರೆ ಹೊದಿಕೆ ಕಾಂಡಕ್ಕೆ ತಾಗದಂತೆ ಸರಿಸಿ. ದವನದ ಹುಣ್ಣಿಮೆ ಬಂದಾಗ ದವನದ ಎಲ್ಲ ಗಿಡಗಳನ್ನೂ ಕೀಳದೆ ಎರಡು ಮೂರನ್ನು ಬೀಜಕ್ಕೆ ಬಿಡಿ. ತಲೆಗಳು ಒಣಗಿ ಕಂದಾದಾಗ ಕಾಗದದ ಮೇಲೆ ಉದುರಿಸಿ, ನೆರಳಲ್ಲಿ ಆರಿಸಿ, ಒಣ ಡಬ್ಬಿಯಲ್ಲಿ ಹಾಕಿ, ಮೇಲೆ ವರ್ಷ ಬರೆದಿಡಿ.